ನನ್ನ ಡಿಜಿಟಲ್ ಡೈರಿಯ ಮೂವತ್ತೊಂಬತ್ತು ಮಕ್ಕಳು

ಭಾನುವಾರ ಬೆಳಿಗ್ಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಸರಿಯಾಗಿ ಒಂಬತ್ತು ಹತ್ತಕ್ಕೆ ಬೀರುವಿನೊಳಗಿಂದ, ಸೀರೆಗಳ ಅಡಿಯಿಂದ, ‘ಕೀಂ ಕೀಂ, ಕೀಂ ಕೀಂ’ ಎಂದು ಶುರುವಾಯಿತು. ಬೆಚ್ಚಿದ ರಭಸಕ್ಕೆ ಮೊರ ಮಗುಚಿ ಕಾಳೆಲ್ಲ ಹಾಲ್ ತುಂಬ ಚೆಲ್ಲಿದವು. ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆಯೆತ್ತದೆ, "ನಿನ್ನ ಜೀರುಂಡೆ ಕೂಗ್ತಿದೆ ಕಣೇ, ಹೋಗಿ ಅದರ ಬಾಯಿ ಮುಚ್ಚು" ಎಂದರು. ನಾನು ಹೋಗಲಿಲ್ಲ. ಅದು ಒಂದಷ್ಟು ಹೊತ್ತು ಕೂಗಿ ತಾನಾಗಿಯೇ ಸುಮ್ಮನಾಗುತ್ತದೆ. ಅಷ್ಟು ಹೊತ್ತೂ ಮಂಡಿಯೂರಿ ಕಾಳು ಆರಿಸುತ್ತಿದ್ದೆ. ಆರಿಸಿದ ಕಾಳು ಮತ್ತೆ ಮತ್ತೆ ಕೈಜಾರಿ ಬೀಳುತ್ತಿತ್ತು.

ಅದು ನನ್ನ ಡಿಜಿಟಲ್ ಡೈರಿ. ಈಗಿನ ಮಕ್ಕಳಿಗೆ ಅದೇನೆಂದು ವಿವರಿಸುವುದೇ ಕಷ್ಟ. ಅಂಗೈಯಗಲದ ಕಪ್ಪು ಡಬ್ಬಿ. ಕನ್ನಡಕದ ಪೆಟ್ಟಿಗೆಯ ಹಾಗೆ ತೆರೆದರೆ ಮೇಲೊಂದು ಬೂದು ಪರದೆ, ಕೆಳಗೆ ಹೆಸರುಕಾಳಿನಷ್ಟು ದಪ್ಪದ ಗುಂಡಿಗಳು. ಹೆಸರು, ಫೋನ್ ನಂಬರು, ಟೈಂಟೇಬಲ್ಲು, ಪುಟ್ಟ ಟಿಪ್ಪಣಿ, ಅಲಾರಂ. ಅದಕ್ಕೆ ಗೊತ್ತಿದ್ದ ವಿದ್ಯೆ ಅಷ್ಟೇ. ಆ ಅಲಾರಂ ನಿಲ್ಲಿಸಲು ಮೂರು ಗುಂಡಿ ಒತ್ತಿದರೆ ಸಾಕು, ನನಗೆ ಗೊತ್ತು. ಆದರೆ ಒತ್ತಬೇಕಾದರೆ ಮುಚ್ಚಳ ತೆಗೆಯಬೇಕು. ತೆಗೆದರೆ ಕಡೆಯ ಸಲ ನೋಡಿದ ಪುಟವೇ ಮೊದಲು ಕಾಣುತ್ತದೆ. ಆ ಪುಟದಲ್ಲಿ ನನ್ನ ಒಂಬತ್ತನೇ ತರಗತಿ ‘ಬಿ’ ವಿಭಾಗದ ಒಂದು ದಿನದ ಹಾಜರಿ ಇದೆ. ಅದನ್ನು ನಂಬಿ ನಾನು ಹರ್ಷಿತಾ ಎಂಬ ಹುಡುಗಿಯನ್ನು ಹೊಗೆ ತುಂಬಿದ ಕಟ್ಟಡದೊಳಗೆ ಬಿಟ್ಟು, ಹೊರಗೆ ಮೈದಾನದಲ್ಲಿ, ಎಲ್ಲರೂ ಬಂದಿದ್ದಾರೆ ಎಂದು ನಿಂತಿದ್ದೆ. ನಾಲ್ಕು ತಿಂಗಳಾಯಿತು. ಈಗಲೂ ಬಚ್ಚಲುಮನೆಯಲ್ಲಿ ಗೀಸರ್ ಹಾಕಿದರೆ ಮೂಗಿಗೆ ಸುಟ್ಟ ವೈರಿನ ವಾಸನೆ ಬಂದಂತಾಗಿ, ಆರಿಸಿ ತಣ್ಣೀರಲ್ಲೇ ಸ್ನಾನ ಮಾಡುತ್ತೇನೆ.

ಇಷ್ಟು ಹೇಳಿದ ಮೇಲೆ ಮುಂದಿನದನ್ನೂ ಒಂದೇ ಉಸಿರಿಗೆ ಹೇಳಿಬಿಡಬೇಕು. ನನ್ನಿಂದ ಆಗುವುದಿಲ್ಲ. ಹೊಗೆ ತುಂಬಿದ ಆ ಶಾಲೆಯ ಮೆಟ್ಟಿಲ ಹತ್ತಿರ ಬಂದಾಗಲೆಲ್ಲ ಮನಸ್ಸು ಹಿಂದಕ್ಕೆ ತಿರುಗಿ ಬೇರೆಲ್ಲೋ ಹೋಗಿ ಕೂರುತ್ತದೆ. ಸ್ವಲ್ಪ ಸಹಿಸಿಕೊಳ್ಳಿ.

ಆ ಡಬ್ಬಿಯನ್ನು ಎಷ್ಟೋ ವರ್ಷದ ಹಿಂದೆ, ನನಗೆ ಕೆಲಸ ಸಿಕ್ಕ ಹೊಸದರಲ್ಲಿ, ನಮ್ಮಣ್ಣ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದುಕೊಟ್ಟಿದ್ದ. ಮೊಬೈಲ್ ಬಂದ ಮೇಲೆ ಮೂಲೆ ಸೇರಿತ್ತು. ಎರಡು ವರ್ಷದ ಹಿಂದೆ ವಿಜಯನಗರದ ನಮ್ಮ ಶಾಲೆಯಲ್ಲಿ ಹೊಸ ನಿಯಮ ಬಂತು. ಪಾಠ ಮಾಡುವವರೂ ಬೆಳಿಗ್ಗೆಯೇ ಫೋನನ್ನು ಆಫೀಸಿನ ಗೂಡಿನಲ್ಲಿಟ್ಟು ತರಗತಿಗೆ ಹೋಗಬೇಕು. ಎಲ್ಲರೂ ಗೊಣಗಿದರು. ನಾನು ಮಾತ್ರ ಮನೆಗೆ ಬಂದು ಅಟ್ಟ ಹುಡುಕಿ ಡಬ್ಬಿ ತೆಗೆದು, ಅದನ್ನು ಹಿಡಿದುಕೊಂಡು ರಾಜಾಜಿನಗರದ ವಾಚ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯಾತ ತಿರುಗಿಸಿ ಮುರುಗಿಸಿ ನೋಡಿ, "ಇದು ಇನ್ನೂ ಬದುಕಿದ್ಯಾ ಮೇಡಂ?" ಎಂದ. "ಸೆಲ್ ಹಾಕಿ ನೋಡಪ್ಪ" ಎಂದೆ. ಕೀಂ ಎಂದಿತು. ನನಗಾದ ಸಂತೋಷಕ್ಕೆ ಪಾರವಿಲ್ಲ.

ಆಮೇಲೆ ಅದರಿಂದ ಏನೇನು ಕೆಲಸ ತೆಗೆಯಬಹುದೋ ಅಷ್ಟನ್ನೂ ತೆಗೆದೆ. ಯಾರ ಹುಟ್ಟುಹಬ್ಬ ಯಾವತ್ತು, ಯಾರಿಗೆ ಹೊಸ ಕನ್ನಡಕ ಬಂದಿದೆ, ಯಾರನ್ನು ಯಾರ ಪಕ್ಕ ಕೂರಿಸಿದರೆ ಪಾಠ ಕೆಡುತ್ತದೆ, ಯಾರಿಗೆ ಕಡಲೆಬೀಜ ಆಗುವುದಿಲ್ಲ. ಬೆಲ್ ಹೊಡೆಯಲು ಐದು ನಿಮಿಷ ಇರುವಾಗ ಮೆಲ್ಲಗೆ ಕೂಗುವಂತೆ ಅಲಾರಂ. ಹೋಂವರ್ಕ್ ಹೇಳದೆ ತರಗತಿ ಬಿಟ್ಟ ದಿನವಿಲ್ಲ. ಹಿಂದಿನ ಬೆಂಚಿನವರು ಗಲಾಟೆ ಮಾಡಿದರೆ ಡಬ್ಬಿ ತೆರೆದು ಸುಮ್ಮನೆ ನಾಲ್ಕು ಗುಂಡಿ ಒತ್ತುತ್ತಿದ್ದೆ. ಏನೂ ಬರೆಯುತ್ತಿರಲಿಲ್ಲ, ಎಷ್ಟೋ ಸಲ ಏಳರ ಮಗ್ಗಿ ಒತ್ತಿದ್ದೇನೆ. "ಲೋ, ಮಿಸ್ ಎಂಟ್ರಿ ಮಾಡಿದ್ರು ಕಣೋ, ಹೋಯ್ತು ನಿನ್ ಕಥೆ" ಎಂದು ಪಿಸುಗುಟ್ಟಿ ಸುಮ್ಮನಾಗುತ್ತಿದ್ದರು. ಒಂದು ಶನಿವಾರ ಹೆಡ್ ಮಿಸ್ ನನ್ನಿಂದ ಉಳಿದ ಉಪಾಧ್ಯಾಯರಿಗೆ ಅರ್ಧ ಗಂಟೆ ಉಪನ್ಯಾಸವನ್ನೂ ಕೊಡಿಸಿದರು. ಎರಡು ಸೆಲ್‌ಗಳನ್ನೂ ಒಟ್ಟಿಗೆ ತೆಗೆದು ಹಿಂದೊಮ್ಮೆ ಅದರಲ್ಲಿದ್ದ ಹತ್ತನೇ ತರಗತಿಯ ಪಟ್ಟಿಯನ್ನೇ ಅಳಿಸಿಹಾಕಿದ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ. "ಒಂದೊಂದೇ ತೆಗೀಬೇಕು, ಇಲ್ದಿದ್ರೆ ಮಕ್ಕಳು ಮಾಯ" ಎಂದೆ. ಹಾಗೆಂದದ್ದು ನಾನೇ.

ಹಾಜರಿಗೆ ನನ್ನದೊಂದು ಕ್ರಮವಿತ್ತು. ಒಂಬತ್ತು ಹತ್ತಕ್ಕೆ ಅಲಾರಂ. ನಲವತ್ತೆರಡು ಮಕ್ಕಳಲ್ಲಿ ಬಂದವರ ಹೆಸರು ಬರೆಯುವುದಿಲ್ಲ. ಬಾರದವರ ನಂಬರು ಮಾತ್ರ ಒತ್ತಿ, ಕಳೆದು, ಉಳಿದದ್ದನ್ನು ಹಾಜರಿ ಎಂದು ಹಾಕುವುದು. ಪ್ರಿಂಟಾದ ರಿಜಿಸ್ಟರನ್ನು ಆಮೇಲೆ ಅದನ್ನು ನೋಡಿ ತುಂಬಿ ಆಫೀಸಿಗೆ ಕಳಿಸುತ್ತಿದ್ದೆ. ತಡವಾಗಿ ಬಂದ ಮಕ್ಕಳು ಆಫೀಸಿನಿಂದ ಲೇಟ್ ಚೀಟಿ ತಂದು ಕ್ಲಾಸ್ ಟೀಚರಿಗೆ ಕೊಡಬೇಕು. ಕೊಟ್ಟ ಕೂಡಲೇ ತಿದ್ದಬೇಕು. ಕೊಟ್ಟ ಕೂಡಲೇ ತಿದ್ದುವ ಒಬ್ಬ ಉಪಾಧ್ಯಾಯರನ್ನೂ ನಾನು ನೋಡಿಲ್ಲ. ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಟೆಸ್ಟ್ ಪೇಪರಿನ ಕಟ್ಟು, ಮುಂದಿನ ತರಗತಿಯಲ್ಲಿ ಆಗಲೇ ಗಲಾಟೆ. ಚೀಟಿಯನ್ನು ಎಲ್ಲೋ ಸಿಕ್ಕಿಸಿಕೊಂಡು ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಸರಿಮಾಡುತ್ತೇವೆ. ನನ್ನ ಡಬ್ಬಿಯ ರೆಕ್ಸಿನ್ ಕವರಿಗೆ ಹಿಂದೆ ಒಂದು ಜೇಬಿತ್ತು. ಲೇಟ್ ಚೀಟಿಗೆ ಹೇಳಿ ಮಾಡಿಸಿದಂತಿತ್ತು.

ಇಲ್ಲಿ ನಮ್ಮಪ್ಪನ ಬಿಲ್ಲೆ ನೆನಪಾಗುತ್ತದೆ. ನಾವು ಬೆಳೆದದ್ದು ಬಿನ್ನಿಪೇಟೆಯಲ್ಲಿ. ಅಪ್ಪ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಒಳಗೆ ಹೋಗುವವರು ಗೇಟಿನ ಹಲಗೆಯ ಮೊಳೆಗೆ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತಗುಲಿಹಾಕಬೇಕು, ಹೊರಗೆ ಬರುವಾಗ ತೆಗೆದುಕೊಳ್ಳಬೇಕು. ಒಂದು ಸಂಜೆ ಅಪ್ಪ ಬಿಲ್ಲೆ ಮರೆತು ಮನೆಗೆ ಬಂದು ಒಳಗೆ ಮುದ್ದೆ ಉಣ್ಣುತ್ತಾ ಕೂತಿದ್ದಾರೆ. ಗೇಟಿನವನು ಏದುಸಿರು ಬಿಡುತ್ತಾ ಬಂದು ಜಗಲಿಯಲ್ಲಿದ್ದ ಅಜ್ಜಿಗೆ, "ಅಮ್ಮಾ, ನಿಮ್ ಮಗ ಇನ್ನೂ ಆಚೆ ಬಂದಿಲ್ಲ, ಒಳಗೆಲ್ಲಾ ಹುಡುಕ್ತಾವ್ರೆ" ಎಂದ. ಅಜ್ಜಿ ಎದೆ ಬಡಿದುಕೊಂಡು ಅಳುವುದಕ್ಕೇ ಶುರುಮಾಡಿದಳು. ಅಪ್ಪ ಎಂಜಲು ಕೈಯಲ್ಲೇ ಎದ್ದು ಬಂದು, "ಯಾರಯ್ಯಾ ಅದು, ನಾನು ಒಳಗಿದೀನಿ ಅನ್ನೋನು?" ಎಂದರು. ಗೇಟಿನವನು ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಿಲ್ಲೆ ಅಲ್ಲೇ ಐತಲ್ಲಣ್ಣಾ!" ಎಂದ. ಎದುರಿಗೆ ನಿಂತ ಮನುಷ್ಯನನ್ನು ನೋಡಿಯೂ ಅವನಿಗೆ ಸಮಾಧಾನವಾಗಿರಲಿಲ್ಲ. ಕರೆದುಕೊಂಡು ಹೋಗಿ ಬಿಲ್ಲೆ ತೆಗೆಸಿದ ಮೇಲೇ ಬಿಟ್ಟ. ಆ ಮಾತನ್ನು ಹೇಳಿಕೊಂಡು ನಾವು ವರ್ಷಗಟ್ಟಲೆ ನಕ್ಕಿದ್ದೇವೆ. ಎಲ್ಲರಿಗಿಂತ ಜಾಸ್ತಿ ನಕ್ಕವಳು ನಾನು.

ಆಯಿತು, ಇನ್ನು ಹೇಳುತ್ತೇನೆ.

ಅವತ್ತು ಬೆಳಿಗ್ಗೆ ಪರದೆಯ ಮೇಲೆ ಹೀಗೆ ಬರೆದಿದ್ದೆ: ಗೈರು 7, 19, 33. ಹಾಜರಿ 39. ಹತ್ತೊಂಬತ್ತನೇ ನಂಬರು ಹರ್ಷಿತಾ. ಮೊದಲ ಪೀರಿಯಡ್ ಮುಗಿದು ನಾನು ಎಂಟನೇ ತರಗತಿಗೆ ಹೊರಟಾಗ ಅವಳು ಮೆಟ್ಟಿಲ ತಲೆಯಲ್ಲಿ ಸಿಕ್ಕಳು. ಜಡೆ ಬಿಚ್ಚಿಹೋಗಿತ್ತು.

"ಮಿಸ್, ಲೇಟ್ ಚೀಟಿ."

"ಇವತ್ತೂನಾ ಹರ್ಷಿತಾ?"

"ಹೇರೋಹಳ್ಳಿ ಹತ್ರ ರೋಡ್ ಅಗ್ದಿದಾರೆ ಮಿಸ್. ಬಸ್ಸು ಸುತ್ತಿ ಬಳಸಿ ಬಂತು."

"ಸರಿ ಹೋಗು, ಆಮೇಲೆ ಹಾಕ್ಕೋತೀನಿ."

ಚೀಟಿ ರೆಕ್ಸಿನ್ ಜೇಬಿಗೆ ಹೋಯಿತು. ಅವಳನ್ನು ನಾನು ನೋಡಿದ್ದೆ, ಮಾತಾಡಿಸಿದ್ದೆ, ಅವಳ ಕೈಯಿಂದ ಚೀಟಿ ತೆಗೆದುಕೊಂಡಿದ್ದೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿದ್ದೆ.

ಮೂರನೇ ಪೀರಿಯಡ್ ನನ್ನ ಮಕ್ಕಳಿಗೆ ಹಿಂದಿ. ಹಿಂದಿ ಮೇಡಂ ರಜಾ ಇದ್ದುದರಿಂದ ತರಗತಿಯಲ್ಲಿ ಯಾರೂ ಇರಲಿಲ್ಲ, ಲೀಡರ್ ಹುಡುಗ ಬೋರ್ಡಿನ ಮೇಲೆ ಮಾತಾಡುವವರ ಹೆಸರು ಬರೆಯುತ್ತಿದ್ದ. ನಾನು ಪಕ್ಕದ ಕೋಣೆಯಲ್ಲಿ ಎಂಟನೇ ತರಗತಿಯ ಇನ್ನೊಂದು ವಿಭಾಗಕ್ಕೆ ಪಾಠ ಮಾಡುತ್ತಿದ್ದೆ. ಮೊದಲು ಫ್ಯಾನು ನಿಂತಿತು. ಆಮೇಲೆ ಕೆಳಗೆ ‘ಢಬ್’ ಎಂಬ ಶಬ್ದ. ಮುಖ್ಯ ಮೆಟ್ಟಿಲಿನ ಅಡಿಯಲ್ಲಿ ಕರೆಂಟಿನ ಬೋರ್ಡಿತ್ತು, ಅದರ ಪಕ್ಕದಲ್ಲೇ ಹಳೆಯ ಉತ್ತರಪತ್ರಿಕೆಗಳ ಮೂಟೆಗಳು. ಯಾರೋ "ಬೆಂಕಿ" ಎಂದರು. ಕಿರುಚಲಿಲ್ಲ, ಸಾಧಾರಣ ಧ್ವನಿಯಲ್ಲೇ ಅಂದರು. ಆ ಸಾಧಾರಣ ಧ್ವನಿಯೇ ಈಗ ಕನಸಿನಲ್ಲಿ ಬರುವುದು.

ಎಂಟನೇ ತರಗತಿಯನ್ನು ಕಾರಿಡಾರಿಗೆ ಬಂದ ಇನ್ನೊಬ್ಬ ಮೇಡಂಗೆ ಒಪ್ಪಿಸಿ ನನ್ನ ಮಕ್ಕಳ ಕೋಣೆಗೆ ಓಡಿದೆ. "ಬ್ಯಾಗ್ ಬಿಡಿ, ಮೂಗಿಗೆ ಕರ್ಚೀಫ್ ಹಿಡ್ಕೊಳಿ, ಗೋಡೆ ಕಡೆ ಇಳೀರಿ." ಇಳಿಯುವಾಗ ಹೊಗೆ ಮೊಣಕಾಲಿನ ಎತ್ತರಕ್ಕಿತ್ತು. ಮೈದಾನಕ್ಕೆ ಬಂದು ತಿರುಗಿ ನೋಡುವಷ್ಟರಲ್ಲಿ ಅದು ಕಪ್ಪಗೆ, ದಪ್ಪಗೆ, ಮೆಟ್ಟಿಲನ್ನೆಲ್ಲ ತುಂಬಿಕೊಂಡು ಎರಡನೇ ಮಹಡಿಯ ಕಿಟಕಿಗಳಿಂದ ಹೊರಗೆ ಬರುತ್ತಿತ್ತು.

ಅಣಕು ಕವಾಯತಿನಲ್ಲಿ ಕಲಿಸಿದಂತೆ ಒಬ್ಬೊಬ್ಬ ಕ್ಲಾಸ್ ಟೀಚರೂ ತಲೆ ಎಣಿಸಿ ಹೆಡ್ ಮಿಸ್‌ಗೆ ಕೂಗಿ ಹೇಳಬೇಕು. ರಿಜಿಸ್ಟರುಗಳೆಲ್ಲ ಆಫೀಸಿನಲ್ಲೇ ಉಳಿದಿದ್ದವು. ಉಳಿದವರು ಮುಖ ನೋಡಿ ನೋಡಿ ಹೆಸರು ಜ್ಞಾಪಿಸಿಕೊಳ್ಳುತ್ತಿದ್ದರು. ನಾನು ಡಬ್ಬಿ ತೆರೆದೆ. ಎಣಿಸಿದೆ. ಮೂವತ್ತೊಂಬತ್ತು. ಪರದೆ ನೋಡಿದೆ. ಮೂವತ್ತೊಂಬತ್ತು.

"ನೈನ್ತ್ ಬಿ ಸರಿ ಇದೆ ಮಿಸ್! ಎಲ್ಲಾರೂ ಬಂದಿದಾರೆ!"

ಮೊದಲು ಕೂಗಿದವಳು ನಾನೇ. ಆ ಹೊಗೆಯ ಮುಂದೆ ನಿಂತೂ ನನಗೆ ಒಂದಿಷ್ಟು ಹೆಮ್ಮೆಯಾಯಿತು. ಅದನ್ನು ಬರೆಯದೆ ಬಿಡಬಹುದಿತ್ತು.

ಹರ್ಷಿತಾಳ ಪಕ್ಕ ಕೂರುವ ನಂದಿನಿ ಸಾಲಿನಿಂದ ಒಂದು ಹೆಜ್ಜೆ ಈಚೆ ಬಂದಳು. ಪ್ರಶ್ನೆ ಕೇಳಿದರೆ ಉತ್ತರವನ್ನು ಡೆಸ್ಕಿಗೆ ಹೇಳುವಂಥ ಹುಡುಗಿ.

"ಮಿಸ್, ಹರ್ಷಿತಾ..."

"ಅವಳು ಇವತ್ತು ಆಬ್ಸೆಂಟ್ ಕಣಮ್ಮ."

"ಇಲ್ಲ ಮಿಸ್..."

ನಾನು ಡಬ್ಬಿಯನ್ನು ಅವಳ ಕಡೆ ತಿರುಗಿಸಿ ಹಿಡಿದೆ. "ನೋಡಿಲ್ಲಿ. ಹತ್ತೊಂಬತ್ತು. ಆಬ್ಸೆಂಟ್. ಸುಮ್ನೆ ಲೈನಲ್ಲಿ ನಿಂತ್ಕೋ, ಗೊಂದಲ ಮಾಡ್ಬೇಡ."

ಅವಳು ಪರದೆಯನ್ನು ನೋಡಿದಳು. ನನ್ನನ್ನು ನೋಡಿದಳು. ಹೋಗಿ ಸಾಲಿನಲ್ಲಿ ನಿಂತಳು.

ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಒಬ್ಬರು ಎರಡು ನಿಮಿಷ ಎನ್ನುತ್ತಾರೆ, ಇನ್ನೊಬ್ಬರು ಐದು. ಆ ಹೊತ್ತಿನಲ್ಲಿ ನಾನು ಮಾಡಿದ ಕೆಲಸವೆಂದರೆ ಮಕ್ಕಳ ಸಾಲು ನೇರ ಮಾಡಿದ್ದು. ನಂದಿನಿ ಅಳುವುದಕ್ಕೆ ಶುರುಮಾಡಿದಳು. ಹೆದರಿದ್ದಾಳೆ ಎಂದು ಹತ್ತಿರ ಹೋಗಿ ಬೆನ್ನು ಸವರಿದೆ.

"ಯಾಕಮ್ಮ, ಎಲ್ಲಾರೂ ಆಚೆ ಬಂದಾಯ್ತಲ್ಲ?"

"ಅವಳು ನನ್ ಪುಳಿಯೋಗರೆ ತಿಂದ್ಲು ಮಿಸ್."

"ಯಾರು? ಯಾವಾಗ?"

"ಈಗ ತಾನೆ, ಶಾರ್ಟ್ ಬ್ರೇಕಲ್ಲಿ. ಆಮೇಲೆ ಮೇಲ್ಗಡೆ ಟಾಯ್ಲೆಟ್ಗೆ ಹೋದ್ಲು. ನಮ್ ಫ್ಲೋರಲ್ಲಿ ನಲ್ಲಿ ಬರಲ್ವಲ್ಲ ಮಿಸ್."

ಹಿಂದೆ ನಿಂತ ಹುಡುಗನೊಬ್ಬ, "ಹೂಂ ಮಿಸ್, ನಂಗೊಂದು ತುತ್ತೂ ಕೊಡ್ದೆ ಇಬ್ರೇ ಖಾಲಿ ಮಾಡಿದ್ರು" ಎಂದ.

ನನ್ನ ಬೆರಳು ತಾನಾಗಿಯೇ ರೆಕ್ಸಿನ್ ಜೇಬಿಗೆ ಹೋಯಿತು. ಚೀಟಿಯ ಅಂಚು ತಾಗಿತು. ಅದನ್ನು ಹೊರಗೆ ತೆಗೆಯುವ ಅಗತ್ಯವೇ ಇರಲಿಲ್ಲ. ಬಿಚ್ಚಿಹೋದ ಜಡೆ, ಅಗೆದ ರೋಡು, ಸುತ್ತಿ ಬಳಸಿ ಬಂದ ಬಸ್ಸು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದು ನಿಂತವು. ಬಾಯಿಂದ ಏನು ಹೊರಟಿತೋ ಗೊತ್ತಿಲ್ಲ, ನಮ್ಮ ಪಿ.ಟಿ. ಮಾಸ್ಟರ್ ಬಸವರಾಜ್ ಓಡಿ ಬಂದರು. ದಾವಣಗೆರೆ ಕಡೆಯವರು.

"ಏನಾತ್ರೀ ಮೇಡಂ?"

"ಒಂದು ಮಗು ಒಳಗಿದೆ. ಎರಡನೇ ಫ್ಲೋರು. ಗರ್ಲ್ಸ್ ಟಾಯ್ಲೆಟ್."

"ಈಗ ಎಲ್ಲಾರೂ ಸರಿ ಅದಾರ ಅಂದ್ರಲ್ರೀ?"

"ಅಂದೆ."

ಅವರು ಹೆಗಲಿನ ಟವೆಲ್ ಎಳೆದುಕೊಂಡರು. ನಂದಿನಿಯ ಕೊರಳಲ್ಲಿ ತೂಗುತ್ತಿದ್ದ ಬಾಟಲಿಯ ನೀರನ್ನು ಅದರ ಮೇಲೆ ಸುರಿದುಕೊಂಡು ಹಿಂದಿನ ಮೆಟ್ಟಿಲಿನ ಕಡೆ ಓಡಿದರು. ಮಕ್ಕಳು ಆ ದಾರಿಯಲ್ಲಿ ತಪ್ಪಿಸಿಕೊಂಡು ಹೋಗುತ್ತಾರೆಂದು ಅದರ ಕಬ್ಬಿಣದ ಗೇಟಿಗೆ ಯಾವಾಗಲೂ ಬೀಗ. ಆಟದ ಸಾಮಾನು ಇಳಿಸಲು ಬೇಕಾಗುತ್ತದೆಂದು ಅದರ ಕೀಲಿಯನ್ನು ಅವರು ಸೀಟಿಯ ದಾರಕ್ಕೇ ಕಟ್ಟಿಕೊಂಡಿದ್ದರು. ಬೇರೆ ಯಾರ ಹತ್ತಿರ ಇದ್ದಿದ್ದರೂ ಹುಡುಕಬೇಕಿತ್ತು. ನಾನು ಹಿಂದೆಯೇ ಹೋದೆ. ಬೀಗ ತೆಗೆದವರು, "ನೀವು ಇಲ್ಲೇ ಗೇಟ್ ಹಿಡ್ಕೊಂಡು ನಿಲ್ರೀ, ಮುಚ್ಕೊಳ್ಳದಂಗ" ಎಂದು ಹೇಳಿ ಹೊಗೆಯೊಳಗೆ ಹತ್ತಿಬಿಟ್ಟರು.

ಆ ಗೇಟು ಮುಚ್ಚಿಕೊಳ್ಳುವಂಥದ್ದಲ್ಲ ಎಂದು ಆಮೇಲೆ ನೋಡಿದೆ. ನನ್ನನ್ನು ಕೆಳಗೆ ನಿಲ್ಲಿಸಲು ಹಾಗೆ ಹೇಳಿದ್ದರು. ಎರಡು ಕೈಯಿಂದ ಸರಳು ಹಿಡಿದು ನಿಂತೆ. ಮೇಲಿನಿಂದ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಒಂದು ಬಾಗಿಲು. ಕೆಮ್ಮು. ಎರಡನೇ ಬಾಗಿಲು. ಹುಡುಗಿಯ ಧ್ವನಿ ಇಲ್ಲ. ನಾನು ದೇವರನ್ನು ಕೂಡ ನೆನೆಯಲಿಲ್ಲ; ಹೇರೋಹಳ್ಳಿಯಲ್ಲಿರುವ ಅವಳ ತಾಯಿಗೆ ಯಾವ ಮಾತಿನಿಂದ ಶುರುಮಾಡಲಿ ಎಂದು ವಾಕ್ಯ ಹುಡುಕುತ್ತಿದ್ದೆ. ಮೂರನೇ ಬಾಗಿಲು. ಅದನ್ನು ಬಡಿಯಲಿಲ್ಲ, ಒದ್ದರು. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಅವರು ಇಳಿದು ಬಂದಾಗ ಹರ್ಷಿತಾ ಅವರ ಹೆಗಲ ಮೇಲಿದ್ದಳು. ಮೈಯೆಲ್ಲ ಒದ್ದೆ, ಮೂಗಿನ ಎರಡೂ ಹೊಳ್ಳೆಗಳ ಕೆಳಗೆ ಮಸಿ, ಮುಖ ಬೂದಿಯ ಬಣ್ಣ. ಮೈದಾನದಲ್ಲಿ ಮಲಗಿಸಿದ ಮೇಲೆ ಕೆಮ್ಮಿದಳು. ಕೆಮ್ಮನ್ನು ಕೇಳಿ ನಾನು ಆವತ್ತು ಅತ್ತ ಹಾಗೆ ಯಾವತ್ತೂ ಅತ್ತಿಲ್ಲ.

ಆಸ್ಪತ್ರೆಯಲ್ಲಿ ಸಂಜೆಯವರೆಗೆ ಆಮ್ಲಜನಕ ಕೊಟ್ಟರು. ಮುಖವಾಡ ತೆಗೆದ ಮೇಲೆ ಅವಳ ಕೈ ಹಿಡಿದು, "ಯಾಕೆ ಪುಟ್ಟಿ ಕೂಗ್ಲಿಲ್ಲ ನೀನು?" ಎಂದೆ.

"ಹೊಗೆ ನೋಡಿ ವಾಪಸ್ ಒಳಗೋಗಿ ಚಿಲಕ ಹಾಕ್ಕೊಂಡೆ ಮಿಸ್. ನೀವು ಕೌಂಟ್ ಮಾಡ್ತೀರಲ್ಲ. ಒಬ್ಳು ಕಮ್ಮಿ ಅಂತ ಗೊತ್ತಾಗುತ್ತೆ, ಯಾರಾದ್ರೂ ಬರ್ತಾರೆ ಅಂತ ನಲ್ಲಿ ಬಿಟ್ಕೊಂಡು ಕೂತಿದ್ದೆ."

ನಾನು ಅವಳ ಕೈ ಬಿಟ್ಟೆ.

ಅವಳ ತಾಯಿ ಗಾರ್ಮೆಂಟ್ಸ್ ಕೆಲಸದಿಂದ ಹಾಗೆಯೇ ಓಡಿ ಬಂದಿದ್ದರು, ಸೀರೆಯ ಮೇಲೆಲ್ಲ ದಾರದ ಚೂರುಗಳು. ಹೆಡ್ ಮಿಸ್ ಅವರ ಭುಜ ಹಿಡಿದು, "ನಮ್ ಮೇಡಂ ಹತ್ರ ಲೆಕ್ಕ ಪಕ್ಕಾ ಇತ್ತಮ್ಮ, ಅದಕ್ಕೇ ತಕ್ಷಣ ಗೊತ್ತಾಯ್ತು" ಎಂದರು. ಮೊದಲು ಸರಿ ಇದೆ ಎಂದು ಕೂಗಿದ ನಾನು ಡಬ್ಬಿಯಲ್ಲಿ ಮತ್ತೆ ತಾಳೆ ನೋಡಿ ತಪ್ಪು ಹಿಡಿದೆ ಎಂದೇ ಅವರು ನಿಜವಾಗಿಯೂ ತಿಳಿದಿದ್ದರು. ಮೈದಾನದಲ್ಲಿದ್ದವರೆಲ್ಲ ಹಾಗೇ ತಿಳಿದಿದ್ದರು. ಆ ತಾಯಿ ನನ್ನ ಕಾಲಿಗೆ ಬಗ್ಗಿದರು. ಸುಮ್ಮನಿದ್ದಿದ್ದರೆ ಆಗಿಹೋಗುತ್ತಿತ್ತು. ಬೆಂಕಿಗಿಂತ ಹೆಚ್ಚು ಹೆದರಿಕೆಯಾದದ್ದು ಆ ಕ್ಷಣದಲ್ಲಿ, ಸುಮ್ಮನಿದ್ದುಬಿಡುತ್ತೇನೇನೋ ಎಂದು.

"ಇಲ್ಲಮ್ಮ" ಎಂದೆ. "ನನ್ನ ಲೆಕ್ಕದಲ್ಲಿ ನಿಮ್ಮ ಮಗಳು ಇರ್ಲೇ ಇಲ್ಲ. ಬೆಳಿಗ್ಗೆ ಚೀಟಿ ಕೊಟ್ಲು, ನಾನು ತಿದ್ಲಿಲ್ಲ. ನಂದಿನಿ ಬಂದು ಹೇಳಿದ್ರೂ ಬಾಯಿ ಮುಚ್ಚಿಸಿದೆ."

ಹೆಡ್ ಮಿಸ್ "ಮೇಡಂ..." ಎಂದವರು ಅಲ್ಲಿಗೇ ನಿಲ್ಲಿಸಿದರು. ತಾಯಿ ನೆಟ್ಟಗಾಗಿ ನಿಂತು, ಸೆರಗಿನಿಂದ ಒಂದು ದಾರದ ಚೂರು ತೆಗೆದರು.

"ಅವಳು ಸ್ಕೂಲಿಗೇ ಬಂದಿಲ್ಲ ಅಂತ ಎಷ್ಟು ಹೊತ್ತು ಅಂದ್ಕೊಂಡಿದ್ರಿ ಮಿಸ್?"

"ನಂದಿನಿ ಅಳೋ ತನಕ."

ಅವರು ಬೈಯಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಮಗಳ ಪಕ್ಕಕ್ಕೆ ಹೋಗಿ ಕೂತು, ಬಿಚ್ಚಿದ್ದ ಜಡೆಯನ್ನು ಹೆಣೆಯತೊಡಗಿದರು. ನಾನು ಹೊರಗೆ ಬಂದೆ.

ಶಾಲೆಯವರು ನನಗೊಂದು ಎಚ್ಚರಿಕೆ ಪತ್ರ ಕೊಟ್ಟರು. ಕೊಡಬೇಕಾದದ್ದೇ. ಕರೆಂಟಿನ ಬೋರ್ಡು ಹೊರಗೆ ಹೋಯಿತು, ಹಿಂದಿನ ಗೇಟಿನ ಬೀಗ ತೆಗೆದರು. ಒಂದು ವಾರದ ಮೇಲೆ ಹರ್ಷಿತಾ ಶಾಲೆಗೆ ಬಂದಳು. ಬೆಲ್‌ಗೆ ಇನ್ನೂ ಕಾಲು ಗಂಟೆ ಇತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಬಂದಿದೀನಿ ಮಿಸ್."

"ಒಳ್ಳೇದಮ್ಮ, ಕ್ಲಾಸಿಗೆ ಹೋಗು."

"ಅಮ್ಮ ಹೇಳಿದಾರೆ. ದಿನಾ ಮೊದ್ಲು ನಿಮ್ಮ ಮುಂದೆ ನಿಂತು ಮುಖ ತೋರಿಸಿ, ಆಮೇಲೆ ಕ್ಲಾಸಿಗೆ ಹೋಗ್ಬೇಕಂತೆ. ನೀವು ನೋಡಿ ಹೂಂ ಅನ್ಬೇಕಂತೆ."

"ಹೂಂ" ಎಂದೆ.

ಅಂದಿನಿಂದ ಇದೇ ನಡೆದಿದೆ. ಹುಡುಗಿ ಈಗ ಒಂದು ಬಸ್ಸು ಮುಂಚಿತವಾಗಿಯೇ ಬರುತ್ತಾಳೆ. ಅವಳು ಬಾಗಿಲಲ್ಲಿ ಕಾಣುವವರೆಗೆ ನನಗೆ ಕಾಫಿ ಇಳಿಯುವುದಿಲ್ಲ. "ನಿಮ್ಮ ಹಾಜರಿ ಬಂತ್ ನೋಡ್ರೀ ಮೇಡಂ" ಎಂದು ಬಸವರಾಜ್ ಮಾಸ್ಟರ್ ನಗಿಸಲು ನೋಡುತ್ತಾರೆ. ಹೊಗೆ ಕುಡಿದದ್ದಕ್ಕೆ ಅವರಿಗೆ ಇನ್ನೂ ಬೆಳಗಿನ ಹೊತ್ತು ಕೆಮ್ಮಿದೆ.

ಹೋದ ವಾರ ಒಂದು ದಿನ ಹರ್ಷಿತಾ ಬರಲಿಲ್ಲ. ನಾನು ಕೇಳುವ ಮೊದಲೇ ತಾಯಿ ಆಫೀಸಿಗೆ ಫೋನ್ ಮಾಡಿ ನನ್ನನ್ನು ಕರೆಸಿದರು. ಆಸ್ಪತ್ರೆಯ ಆ ದಿನದ ನಂತರ ಅವರು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು.

"ಮಿಸ್, ಹರ್ಷಿತಾಗೆ ಜ್ವರ. ಮನೇಲೇ ಇದಾಳೆ. ಇಲ್ಲೇ ನನ್ ಎದುರಿಗೇ ಮಲ್ಗಿದಾಳೆ."

"ಸರಿಯಮ್ಮ" ಎಂದೆ. ಫೋನಿನ ಹಿಂದೆ ಅವಳು ಕೆಮ್ಮುವುದೂ ಕೇಳಿಸಿತು. ರಿಜಿಸ್ಟರಿನಲ್ಲಿ ಹತ್ತೊಂಬತ್ತನೇ ನಂಬರಿನ ಮುಂದೆ ಗೈರು ಎಂದು ಬರೆದೆ. ಮೊದಲ ಪೀರಿಯಡ್ ತೆಗೆದುಕೊಂಡೆ, ಎರಡನೆಯದನ್ನೂ ತೆಗೆದುಕೊಂಡೆ. ಶಾರ್ಟ್ ಬ್ರೇ‍ಕ್‌ಗೆ ಬೆಲ್ ಆದಾಗ ಎಲ್ಲರೂ ಕಾಫಿಗೆ ಇಳಿದರು. ನಾನು ಎರಡನೇ ಮಹಡಿಗೆ ಹತ್ತಿ ಹೋಗಿ, ಟಾಯ್ಲೆಟ್ಟಿನ ಮೂರು ಬಾಗಿಲುಗಳನ್ನೂ ಒಂದೊಂದಾಗಿ ತಳ್ಳಿ ನೋಡಿ ಬಂದೆ.